ಒಂದು ಸೀಟು ಕಡಿಮೆಯಾದಾಗ

2021ರ ಮೇ 9, ಭಾನುವಾರ. ಊರಿನಲ್ಲಿ ಕೊರೊನಾದ ಎರಡನೆಯ ಅಲೆ ಏರಿದ್ದ ದಿನಗಳಾದ್ದರಿಂದ ಎಡಿನ್‌ಬರೋದಿಂದ ತಿಪಟೂರಿನ ಸೋದರಮಾವನಿಗೆ ದಿನಕ್ಕೊಮ್ಮೆ ಕರೆ ಮಾಡುತ್ತಿದ್ದೆ. ಅಂದು ಕ್ಷೇಮಸಮಾಚಾರ ಮುಗಿದ ಮೇಲೆ, ಹಿಂದಿನ ದಿನವಷ್ಟೇ ಪೂರ್ತಿಯಾಗಿ ಹೊರಬಿದ್ದಿದ್ದ ಸ್ಕಾಟ್ಲೆಂಡ್ ಸಂಸತ್ತಿನ ಫಲಿತಾಂಶವನ್ನು ಹೇಳಿದೆ. ಒಟ್ಟು 129 ಸ್ಥಾನಗಳಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 64, ಕನ್ಸರ್ವೇಟಿವ್‌ಗೆ 31, ಲೇಬರ್‌ಗೆ 22, ಗ್ರೀನ್ಸ್‌ಗೆ 8, ಲಿಬರಲ್ ಡೆಮಾಕ್ರಾಟ್ಸ್‌ಗೆ 4. ಬಹುಮತಕ್ಕೆ 65 ಬೇಕು. ಮಾವ ತಡಮಾಡದೆ ಕೇಳಿದರು: "ಒಂದೇ ಸೀಟು ಕಮ್ಮಿ. ಯಾರನ್ನ ಎಳ್ಕೋತಾರೆ? ಮಿಕ್ಕವರನ್ನ ಯಾವ ರೆಸಾರ್ಟಿಗೆ ಕಳಿಸಿದ್ದಾರೆ?"

ಅವರು ತಮಾಷೆಗೆ ಕೇಳಿರಲಿಲ್ಲ. ಒಂದು ಚುನಾವಣೆಯನ್ನೂ ತಪ್ಪಿಸದೆ ಮತ ಹಾಕುತ್ತ ಬಂದ ಮನುಷ್ಯನಿಗೆ ಫಲಿತಾಂಶದ ಮರುದಿನ ತಾನಾಗಿ ಹೊಳೆಯುವ ಮೊದಲ ಪ್ರಶ್ನೆ ಇದಾಗಿಬಿಟ್ಟಿದೆ ಎನ್ನುವುದೇ ನನ್ನನ್ನು ಚುಚ್ಚಿತು.

ಇಲ್ಲಿ ಯಾರನ್ನೂ ಎಲ್ಲಿಗೂ ಕಳಿಸಿರಲಿಲ್ಲ. ಈ ಸಂಸತ್ತನ್ನು ಕಟ್ಟಿರುವ ಬಗೆಯೇ ಹಾಗಿದೆ. ಕಾಮನ್‌ವೆಲ್ತ್ ದೇಶಗಳವರಿಗೂ ಹಕ್ಕಿರುವುದರಿಂದ, ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ನಾನೂ ಮೂರು ದಿನ ಮೊದಲು ಮತ ಹಾಕಿದ್ದೆ. ಕೈಗೆ ಎರಡು ಚೀಟಿ ಬಂದವು: ತಿಳಿನೇರಳೆಯದು ಕ್ಷೇತ್ರದ ಅಭ್ಯರ್ಥಿಗೆ, ಪೀಚ್ ಬಣ್ಣದ್ದು ಪ್ರಾಂತ್ಯದ ಪಕ್ಷದ ಪಟ್ಟಿಗೆ. ಅರ್ಧಕ್ಕಿಂತ ತುಸು ಕಡಿಮೆ ಮತ ಪಡೆದು 73 ಕ್ಷೇತ್ರಗಳಲ್ಲಿ 62ನ್ನು ಬಾಚಿಕೊಂಡ ಪಕ್ಷಕ್ಕೆ, ಪಟ್ಟಿಯ 56 ಸ್ಥಾನಗಳಲ್ಲಿ ದಕ್ಕಿದ್ದು ಎರಡೇ. ಕ್ಷೇತ್ರಗಳಲ್ಲಿ ಸೋತವರಿಗೆ ಅವರ ಮತದ ಪಾಲು ಅಲ್ಲಿ ಸಂದಾಯವಾಗುತ್ತದೆ. ನಮ್ಮಲ್ಲಿ 2018ರಲ್ಲಿ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ 80ಕ್ಕೆ ನಿಂತಿತು, ಶೇ. 36ರಷ್ಟು ಪಡೆದ ಬಿಜೆಪಿ 104ಕ್ಕೆ ಏರಿತು.

ಹೀಗಾಗಿ ಇಲ್ಲಿ ಬಹುಮತ ಬಾರದಿದ್ದರೆ ಅದನ್ನು ಅನಾಹುತವೆಂದು ಯಾರೂ ಭಾವಿಸುವುದಿಲ್ಲ. 2007ರಲ್ಲಿ ಇದೇ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 129ರಲ್ಲಿ ಬರೀ 47 ಸ್ಥಾನ ಇಟ್ಟುಕೊಂಡು ನಾಲ್ಕು ವರ್ಷದ ಅವಧಿಯನ್ನು ಪೂರೈಸಿತು. 2009ರ ಜನವರಿಯಲ್ಲಿ ಅದರ ಬಜೆಟ್ 64–64 ಸಮಬಲವಾಗಿ ಬಿದ್ದುಹೋದಾಗ, ವಿರೋಧ ಪಕ್ಷಗಳೊಂದಿಗೆ ಮಾತಾಡಿ ಒಂದು ವಾರದಲ್ಲಿ ಮತ್ತೆ ಮಂಡಿಸಿ ಅಂಗೀಕಾರ ಪಡೆಯಿತು. 2021ರಲ್ಲಿಯೂ ಮೊದಲು ಅಲ್ಪಮತದ ಸರ್ಕಾರವೇ ನಡೆಯಿತು. ಆಗಸ್ಟಿನಲ್ಲಿ ಗ್ರೀನ್ಸ್ ಜೊತೆಗಿನ ಒಪ್ಪಂದವನ್ನು ಅಚ್ಚುಹಾಕಿ, ಎರಡೂ ಪಕ್ಷಗಳ ಸದಸ್ಯರ ಮುಂದಿಟ್ಟು ಒಪ್ಪಿಗೆ ಪಡೆದ ಮೇಲೆ, ಗ್ರೀನ್ಸ್‌ನ ಇಬ್ಬರು ಮಂತ್ರಿಗಳಾದರು.

ಅದೇ ಹೊತ್ತಿಗೆ ನನ್ನ ಕಣ್ಣ ಮುಂದೆ ಬರುತ್ತಿದ್ದುದು 2018ರ ಮೇ ತಿಂಗಳ ಬಸ್ಸುಗಳು. ಕಿಟಕಿಯ ಪರದೆ ಎಳೆದುಕೊಂಡು ಬಿಡದಿಯ ಕಡೆಗೂ ಹೈದರಾಬಾದಿಗೂ ಹೊರಟವರು ನಾವು ಎರಡು ದಿನ ಮೊದಲಷ್ಟೇ ಗೆಲ್ಲಿಸಿದ್ದ ಶಾಸಕರು. 17ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ 19ರಂದು ರಾಜೀನಾಮೆ ಕೊಟ್ಟರು. ಮರುವರ್ಷ ಮುಂಬೈ ಹೋಟೆಲಿನ ಕಥೆ. ಜುಲೈ 23ರಂದು 99–105ರಲ್ಲಿ ಕುಮಾರಸ್ವಾಮಿ ಸರ್ಕಾರ ಉರುಳಿತು, 17 ಶಾಸಕರು ಅನರ್ಹರಾದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಆ ಅನರ್ಹರಲ್ಲಿ ಬಹುಪಾಲು ಮಂದಿಯನ್ನು ನಾವೇ ಮತ್ತೆ ಆರಿಸಿ ಕಳಿಸಿದೆವು. ನನಗೆ ಹೆಚ್ಚು ನೋವಾಗುವುದು ಇಲ್ಲಿ. ಇದನ್ನು ಮಾವನಿಗೆ ಹೇಳಿದರೆ, "ಕೆಲಸ ಆಗಬೇಕಲ್ಲಪ್ಪ, ಸರ್ಕಾರದ ಕಡೆ ಇದ್ದರೆ ತಾನೆ ರಸ್ತೆ ಆಗೋದು" ಎಂದರು. ಅವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆ, ಆದರೂ ಒಪ್ಪಲಾರೆ.

ಇಲ್ಲಿಯದೆಲ್ಲ ಹಾಲು–ಜೇನಲ್ಲ. ಗ್ರೀನ್ಸ್ ಜೊತೆಗಿನ ಆ ಒಪ್ಪಂದ 2024ರ ಏಪ್ರಿಲಿನಲ್ಲಿ ಮುರಿಯಿತು. ಸ್ಕಾಟಿಷ್ ನ್ಯಾಷನಲ್ ಪಾರ್ಟಿಯನ್ನು ಬಿಟ್ಟಿದ್ದ ಸಂಸತ್ ಸದಸ್ಯೆ ಆಶ್ ರೀಗನ್ ಅವರೊಬ್ಬರ ಮತದ ಮೇಲೆ ಸರ್ಕಾರದ ಕಣ್ಣು ಬಿತ್ತು. ನಾಲ್ಕೇ ದಿನದಲ್ಲಿ ಸರ್ಕಾರದ ಮುಖ್ಯಸ್ಥ ಹಮ್ಜಾ ಯೂಸುಫ್ ರಾಜೀನಾಮೆ ಘೋಷಿಸಿದರು. ಆದರೆ ಆಕೆ ತನ್ನ ಬೇಡಿಕೆಗಳನ್ನು ಎಲ್ಲರೂ ಓದುವಂತೆ ಪತ್ರದಲ್ಲಿ ಬರೆದರು.

ಮತ್ತೊಂದನ್ನೂ ಹೇಳಲೇಬೇಕು. 2021ರಲ್ಲಿ ಇಲ್ಲಿ ಆದ ಮತದಾನ ಶೇ. 63ರ ಆಸುಪಾಸು, ಈ ಸಂಸತ್ತಿನ ಮಟ್ಟಿಗೆ ಅಲ್ಲಿಯವರೆಗೆ ಅದೇ ದಾಖಲೆ. 2023ರ ಕರ್ನಾಟಕದಲ್ಲಿ ಅದು ಶೇ. 73ನ್ನು ದಾಟಿತು, ಮೂರೂಮುಕ್ಕಾಲು ಕೋಟಿಗೂ ಮೀರಿದ ಮತಗಳ ಎಣಿಕೆ ಒಂದೇ ದಿನದಲ್ಲಿ ಮುಗಿಯಿತು. ಎಂಬತ್ತು ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿದ್ದರೂ ನನ್ನ ಅಮ್ಮ ಅದನ್ನು ಒಲ್ಲೆನೆಂದು ಆಟೋ ಹಿಡಿದು ಶಾಲೆಗೆ ಹೋಗಿ ಸಾಲಿನಲ್ಲಿ ನಿಂತಿದ್ದರು. ಆ ಬೆಳಿಗ್ಗೆ ಅವರು ಕಳಿಸಿದ ಫೋಟೋದಲ್ಲಿ ಎಡಗೈ ತೋರುಬೆರಳಿನ ಉಗುರಿನ ಮೇಲೆ ಮೈಸೂರಿನ ಶಾಯಿ ಇನ್ನೂ ಆರದೆ ಹೊಳೆಯುತ್ತಿತ್ತು. ಎಡಿನ್‌ಬರೋದ ಮತಗಟ್ಟೆಯಲ್ಲಿ ಎರಡೂ ಚೀಟಿ ಹಾಕಿದ ಮೇಲೆ ನಾನೂ ಅಭ್ಯಾಸಬಲದಿಂದ ಅದೇ ಬೆರಳನ್ನು ಮುಂದೆ ಚಾಚಿದ್ದೆ. ಮೇಜಿನ ಹಿಂದಿದ್ದ ಹೆಂಗಸಿಗೆ ಏನೆಂದು ತಿಳಿಯದೆ ಬಾಗಿಲು ಯಾವ ಕಡೆಯೆಂದು ತೋರಿಸಿದರು.