ಗ್ಯಾಸ್ಕೆಟ್‌ಗಿಂತ ಮೊದಲು ಹೆಡ್ ನೋಡಿ
ಎಂಜಿನ್‌ಗೆ ಟರ್ಬೊ ಹಾಕೋರು ಹೆಡ್‌ಗೂ ಬ್ಲಾಕ್‌ಗೂ ನಡುವೆ ಸೀಲ್ ಆಗಿ ಕೂರೋ ಗ್ಯಾಸ್ಕೆಟ್‌ನಲ್ಲಿ ಎಂಎಲ್‌ಎಸ್ ತಗೊಂಡರೆ ಸಾಕು ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಅರ್ಧ ಮಾತ್ರ ಸರಿ. ಈ ಪದರ ಪದರದ ಸ್ಟೀಲ್ ಗ್ಯಾಸ್ಕೆಟ್‌ಗೆ ಹೆಡ್, ಬ್ಲಾಕ್ ಎರಡೂ ನುಣುಪಾಗಿರಬೇಕು. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಹೆಡ್ ಫೇಸಿಂಗ್‌ಗೆ (ಮೇಲ್ಮೈ ತೆಳ್ಳಗೆ ಕೆತ್ತಿ ಸಮ ಮಾಡಿಸೋಕೆ) ಕೊಡುವಾಗ ನಾನು ಮೊದಲೇ ಹೇಳಿಬಿಡುತ್ತೇನೆ: ಎಂಎಲ್‌ಎಸ್ ಕೂರಿಸ್ತೀವಿ, ಕೊನೆಯ ಕಟ್ ತೆಳ್ಳಗೆ, ನಿಧಾನಕ್ಕೆ ಹೊಡೀರಿ. ಉಗುರು ಎಳೆದರೆ ಗೆರೆ ಸಿಗಬಾರದು. ಹಳೇ ಕಾಂಪೋಸಿಟ್ ಗ್ಯಾಸ್ಕೆಟ್ ಮೇಲ್ಮೈ ಸ್ವಲ್ಪ ಒರಟಿದ್ದರೂ ತಡೆದುಕೊಳ್ಳುತ್ತೆ, ಎಂಎಲ್‌ಎಸ್ ಲೀಕ್ ಆಗುತ್ತೆ.

ಗ್ಯಾಸ್ಕೆಟ್ ದಪ್ಪದ ಬಗ್ಗೆ ನೀವು ಬರೆದೇ ಇಲ್ಲ. ಕಂಪ್ರೆಷನ್ ಇಳಿಸೋಕೆ ಸುಮ್ನೆ ದಪ್ಪ ಗ್ಯಾಸ್ಕೆಟ್ ಹಾಕಿದರೆ ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಸ್ಕ್ವಿಷ್ ಗ್ಯಾಪ್ ಜಾಸ್ತಿಯಾಗಿ ನಾಕಿಂಗ್ (ಇಂಧನ ತಾನಾಗೇ ಹೊತ್ತಿ ಎಂಜಿನ್ ಟಕಟಕ ಬಡಿಯೋದು) ಇನ್ನೂ ಬೇಗ ಶುರುವಾಗಬಹುದು. ಈ ಗ್ಯಾಪ್ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು ಇಟ್ಟುಕೊಳ್ಳುತ್ತಾರೆ. ಸಿಲಿಂಡರ್ ಬೋರ್ ಮಾಡಿಸಿ ಅಗಲ ಮಾಡಿಸಿದವರು ಗ್ಯಾಸ್ಕೆಟ್ ತೂತನ್ನೂ ಅಳೆಯಿರಿ. ಅಂಚು ಸಿಲಿಂಡರ್ ಒಳಗೆ ಚಾಚಿದರೆ ಕಾದು ಸುಡುತ್ತೆ. ತಾಮ್ರದ ಗ್ಯಾಸ್ಕೆಟ್ ರೇಸಿಗೆ ಸರಿ. ಧಾರವಾಡಕ್ಕೆ ದಿನಾ ಓಡಾಡೋ ಗಾಡಿಗೆ ಅದ್ಯಾಕೆ?