ಊರಿನ ಓಲೆಗರಿಗಳಿಗೆ ಮೊದಲು ಸ್ಕ್ಯಾನಿಂಗ್ ಆಗಬೇಕೇ?

ಪರ

ಮಲೆನಾಡಿನ ಮಠದ ಅಟ್ಟದಲ್ಲಿ, ಹಳೆಯ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ ಬಿದ್ದಿರುವ ಓಲೆಗರಿಗಳು ನಮಗಾಗಿ ಕಾಯುವುದಿಲ್ಲ. ತೇವ ತಗುಲಿದರೆ ಗರಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗೆದ್ದಲು ಹತ್ತಿದರೆ ಕಥೆ ಮುಗಿಯಿತು. ಸಂರಕ್ಷಣಾ ಕೊಠಡಿ, ತರಬೇತಾದ ಸಿಬ್ಬಂದಿ ಎಲ್ಲವೂ ಸಿದ್ಧವಾಗಲಿ ಎಂದು ಕುಳಿತರೆ ಕೊನೆಗೆ ಕಾಪಾಡಲು ಪುಡಿಯಷ್ಟೇ ಉಳಿದೀತು. ಇರುವ ಹಣ ಒಂದೇ ಕೆಲಸಕ್ಕೆ ಸಾಲುವುದಾದರೆ ಅದು ಸ್ಕ್ಯಾನಿಂಗಿಗೇ ಹೋಗಬೇಕು.

2018ರ ಸೆಪ್ಟೆಂಬರಿನಲ್ಲಿ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. ಪ್ರತಿಯಿಲ್ಲದ ದಾಖಲೆ ಸುಟ್ಟರೆ ಅದನ್ನು ಯಾರೂ ಮರಳಿ ತರಲಾರರು.

1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. ಜಗತ್ತು ಓದಿದ್ದು ಓಲೆಯನ್ನಲ್ಲ, ಅಚ್ಚಿನ ಪ್ರತಿಯನ್ನು. ನಮ್ಮ ಕಡೆಯ ಹಲವು ಓಲೆಗಳಲ್ಲಿರುವ ಹಳೆಯ ತಿಗಳಾರಿ ಲಿಪಿಯನ್ನು ಇವತ್ತು ಬಲ್ಲವರು ಕಡಿಮೆ, ಇರುವವರೂ ಊರೂರಿಗೆ ಚದುರಿದ್ದಾರೆ. ಅವರೆಲ್ಲರನ್ನೂ ಅಟ್ಟಕ್ಕೆ ಹತ್ತಿಸಲಾಗದು. ಚಿತ್ರವನ್ನು ಅವರ ಮನೆಗೆ ಕಳುಹಿಸಬಹುದು.

ವಿರೋಧ

ಅರ್ಥಶಾಸ್ತ್ರದ ಮಾತು ಬಂದಿತಲ್ಲ, ಅದನ್ನೇ ನೋಡೋಣ. ಆ ಪ್ರತಿಗೆ ಬೆಳಕು ಸಿಕ್ಕಿದ್ದು ಅದು 1891ರಲ್ಲಿ ಆರಂಭವಾಗಿದ್ದ ಓರಿಯಂಟಲ್ ಲೈಬ್ರರಿಯನ್ನು ಸೇರಿದ್ದರಿಂದ. ಕಟ್ಟು ಬಿಚ್ಚಿ ಓದಿ, ಇದು ಇಂಥ ಗ್ರಂಥ ಎಂದು ಹೇಳಬಲ್ಲವರು ಅಲ್ಲಿ ಇದ್ದುದರಿಂದ. ಅಚ್ಚು ಆಮೇಲಿನದು.

ಲೋಹದ ಮೊನೆಯಿಂದ ಕೊರೆದ ಅಕ್ಷರಗಳಿಗೆ ತುಂಬಿದ್ದ ಕಪ್ಪು ಹಳೆಯ ಗರಿಗಳಲ್ಲಿ ಎಂದೋ ಉದುರಿರುತ್ತದೆ. ಹಾಗೆಯೇ ಚಿತ್ರ ತೆಗೆದರೆ ಪರದೆಯ ಮೇಲೆ ಕಾಣುವುದು ಬರೀ ಕಂದು ಪಟ್ಟಿ. ಮೊದಲು ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು, ನಿಂಬೆಹುಲ್ಲಿನ ಎಣ್ಣೆ ಸವರಬೇಕು, ದೀಪದ ಕಪ್ಪನ್ನು ತೀಡಿ ಒರೆಸಬೇಕು. ಆಗ ಅಕ್ಷರ ಎದ್ದು ಕಾಣುತ್ತದೆ. ಒಣಗಿ ಮುರುಟಿದ ಗರಿಯನ್ನು ಎಣ್ಣೆ ಸವರದೆ ಒತ್ತಿ ಹರಡಿದರೆ ಉದ್ದಕ್ಕೂ ಸೀಳುತ್ತದೆ. ಆರೈಕೆ ಬಿಟ್ಟು ಸ್ಕ್ಯಾನಿಂಗ್ ಎಂಬುದೇ ಇಲ್ಲ. ದಾರ ಹರಿದು ಗರಿಗಳು ಹಿಂದುಮುಂದಾಗಿದ್ದರೆ, ಲಿಪಿ ಬಾರದವರು ಹಾಗೆಯೇ ಚಿತ್ರ ತೆಗೆದು ಸಂಖ್ಯೆ ಕೊಟ್ಟುಬಿಡುತ್ತಾರೆ. ಮುಂದೆ ಆ ಹಾರ್ಡ್ ಡಿಸ್ಕ್ ತೆರೆದವರಿಗೆ ಯಾವುದು ಯಾರ ಮನೆಯದು, ಯಾವ ಗ್ರಂಥದ್ದು ಎಂದು ತಿಳಿಸುವವರೇ ಇರುವುದಿಲ್ಲ.

ಡಿಸ್ಕಿನ ಆಯುಸ್ಸಾದರೂ ಎಷ್ಟು? ಇಂಗ್ಲೆಂಡಿನ 1086ರ ಡೋಮ್ಸ್‌ಡೇ ಭೂದಾಖಲೆಯನ್ನು ಇಂದಿಗೂ ಓದಬಹುದು. ಅದರ 900ನೇ ವರ್ಷಕ್ಕೆಂದು 1986ರಲ್ಲಿ ಬಿಬಿಸಿ ಲೇಸರ್ ಡಿಸ್ಕ್‌ನಲ್ಲಿ ತಂದ ಹೊಸ ಡೋಮ್ಸ್‌ಡೇಯನ್ನು ತೆರೆಯುವ ಯಂತ್ರಗಳು ಇಪ್ಪತ್ತು ವರ್ಷ ತುಂಬುವ ಮೊದಲೇ ಅಪರೂಪವಾದವು.

ನನ್ನ ದೊಡ್ಡ ಆತಂಕ ಬೇರೆಯೇ. ಜೀರ್ಣವಾದ ಓಲೆಗಳನ್ನು ಹೊಳೆಗೆ ಬಿಡುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ‘ಕಂಪ್ಯೂಟರಿಗೆ ಹಾಕಿಯಾಯಿತಲ್ಲ, ಇನ್ನೇಕೆ?’ ಎಂಬ ಮಾತು ಮನೆಯಲ್ಲಿ ಹುಟ್ಟಿದ ದಿನ ಮೂಲಕ್ಕೆ ಉಳಿಗಾಲವಿಲ್ಲ.

ಆದ್ದರಿಂದ ಮೊದಲ ಕಂತಿನ ಹಣ ಎಣ್ಣೆಗೆ, ಸುತ್ತುವ ಬಟ್ಟೆಗೆ, ಲಿಪಿ ಬಲ್ಲ ಒಬ್ಬರ ಸಂಬಳಕ್ಕೆ ಹೋಗಲಿ. ಪ್ರತಿ ಕಟ್ಟಿಗೂ ಒಂದು ಚೀಟಿ ಬರೆಯಲಿ: ಯಾರ ಮನೆಯದು, ಯಾವ ಲಿಪಿ, ಎಷ್ಟು ಗರಿ, ಎಲ್ಲಿ ಮುರಿದಿದೆ. ಆ ಪಟ್ಟಿ ಕೈಗೆ ಬಂದ ಮೇಲೆ ಕ್ಯಾಮೆರಾ ತರಿಸೋಣ.