ಸ್ಪಷ್ಟನೆ: ಮೈನ್‌ಕ್ರಾಫ್ಟ್ ಸರ್ವರ್‌ಗಾಗಿ ಫೈರ್‌ವಾಲ್ ಆಫ್ ಮಾಡಬೇಕಾಗಿಲ್ಲ

ಲಿನಕ್ಸ್‌ನಲ್ಲಿ ಮೈನ್‌ಕ್ರಾಫ್ಟ್ ಆಟದ ಜಾವಾ ಆವೃತ್ತಿಯ ಸರ್ವರ್ ಮೊದಲ ಸಲ ಶುರುವಾಗಿ ತಾನಾಗಿಯೇ ನಿಂತುಹೋದರೆ ಫೈರ್‌ವಾಲನ್ನು (ಹೊರಗಿನ ಬೇಡದ ಸಂಪರ್ಕಗಳನ್ನು ತಡೆಯುವ ರಕ್ಷಣೆ) ಪೂರ್ತಿ ಆಫ್ ಮಾಡಿ, ರೂಟ್ ಬಳಕೆದಾರರಾಗಿ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆಯಿಂದ) ಮತ್ತೆ ಚಲಾಯಿಸಬೇಕು ಎಂಬ ಸಂದೇಶ ಹರಿದಾಡುತ್ತಿದೆ. ಈ ಎರಡೂ ಸಲಹೆಗಳು ತಪ್ಪು.

ಸರ್ವರ್ ನಿಲ್ಲುವುದಕ್ಕೂ ಫೈರ್‌ವಾಲ್‌ಗೂ ಸಂಬಂಧವಿಲ್ಲ. ಟರ್ಮಿನಲ್‌ನ ಕೊನೆಯ ಸಾಲುಗಳನ್ನು ಓದಿದರೆ, ಬಳಕೆಯ ಒಪ್ಪಂದಕ್ಕೆ ಸಮ್ಮತಿ ಬೇಕೆಂದು ಸರ್ವರ್ ತಾನೇ ಹೇಳಿರುವುದು ಕಾಣುತ್ತದೆ. ಅದೇ ಫೋಲ್ಡರ್‌ನಲ್ಲಿ ಆಗಷ್ಟೇ ಸೃಷ್ಟಿಯಾದ ‘ಇಯುಎಲ್‌ಎ’ (eula.txt) ಹೆಸರಿನ ಕಡತವನ್ನು ತೆರೆದು, ಒಪ್ಪಂದ ಓದಿ ಒಪ್ಪಿಗೆಯಾದರೆ ‘ಫಾಲ್ಸ್’ ಎಂದಿರುವುದನ್ನು ‘ಟ್ರೂ’ ಎಂದು ಬದಲಿಸಿ ಸೇವ್ ಮಾಡಿದರೆ ಈ ತಡೆ ನಿವಾರಣೆಯಾಗುತ್ತದೆ.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗಷ್ಟೇ (ಸಂಪರ್ಕಗಳು ಒಳಬರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳು) ವಿಶೇಷ ಅಧಿಕಾರ ಬೇಕು. ಈ ಸರ್ವರಿನ ಡೀಫಾಲ್ಟ್ ಪೋರ್ಟ್ 25565 ಆದ್ದರಿಂದ ರೂಟ್ ಅಗತ್ಯವಿಲ್ಲ. ಫೈರ್‌ವಾಲ್‌ನಲ್ಲೂ ಟಿಸಿಪಿ ಎಂಬ ಸಂಪರ್ಕ ವಿಧಾನಕ್ಕೆ ಆ ಪೋರ್ಟ್ ಒಂದನ್ನೇ ತೆರೆದರೆ ಸಾಕು. ಇದು ಬರೀ ಶಿಸ್ತಿನ ಮಾತಲ್ಲ. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ಎಂಬ ಭದ್ರತಾ ದೋಷವಿದ್ದ ಸರ್ವರ್‌ಗಳಲ್ಲಿ, ಚಾಟ್‌ನಲ್ಲಿ ಬರೆದ ಒಂದು ಸಾಲಿನಿಂದಲೇ ಹೊರಗಿನವರು ತಮ್ಮ ಕೋಡ್ ಓಡಿಸಬಹುದಾಗಿತ್ತು. ಸರ್ವರ್ ರೂಟ್ ಆಗಿ ಓಡುತ್ತಿದ್ದರೆ ಇಡೀ ಯಂತ್ರವೇ ಅವರ ಕೈಗೆ ಹೋದಂತೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಫೈರ್‌ವಾಲ್ ಆಫ್ ಮಾಡಿದ್ದವರು ಇಂದೇ ಅದನ್ನು ಮತ್ತೆ ಆನ್ ಮಾಡಿ, ಸರ್ವರ್‌ಗೆಂದು ಪ್ರತ್ಯೇಕವಾದ ಸಾಮಾನ್ಯ ಖಾತೆಯೊಂದನ್ನು ತೆರೆಯಿರಿ.